ಬೇರೆ ಮನೆಯ ಎಂಜಿನ್

ವ್ಯಾನು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಅಳಿಯನ ಮುಖದ ಮೇಲೆ ಹೊರಟಿದ್ದ ನಗು ಅರ್ಧ ದಾರಿಯಲ್ಲೇ ನಿಂತಿತು. ಎಂಜಿನ್ನಿನ ಜೊತೆಗೆ ಇನ್ನೊಂದು ಸದ್ದೂ ಎದ್ದಿತ್ತು. ಟಣ್, ಟಣ್, ಟಣ್ ಎಂದು, ಖಾಲಿ ಡ್ರಮ್ಮಿನೊಳಗೆ ಯಾರೋ ಕೂತು ಸುತ್ತಿಗೆಯಿಂದ ಬಡಿಯುತ್ತಿರುವ ಹಾಗೆ. ಬಾನೆಟ್ಟಿನಡಿ ಕೈ ಹಾಕಿ ಆಕ್ಸಿಲರೇಟರ್ ತಂತಿ ಎಳೆದರೆ ಬಡಿಯುವವನಿಗೂ ಅವಸರ ಬಂತು. ಬಿಟ್ಟರೆ ಅವನೂ ನಿಧಾನಿಸಿದ. ಒಳ್ಳೆಯ ಕೆಲಸಗಾರ, ತಾಳ ತಪ್ಪುತ್ತಿರಲಿಲ್ಲ.

ಅಳಿಯ ಕಿಟಕಿಯೊಳಗೆ ಕೈ ತೂರಿಸಿ ಕೀ ತಿರುಗಿಸಿದ. ಈ ಗ್ಯಾರೇಜಿನಲ್ಲಿ ಮಸಿ ಬಟ್ಟೆ ತೊಟ್ಟವರು ಗಿರಾಕಿಯ ಸೀಟಿನ ಮೇಲೆ ಕೂರುವಂತಿಲ್ಲ. ಸ್ಟಾರ್ಟ್ ಮಾಡುವುದು, ಆರಿಸುವುದು ಎಲ್ಲ ಕಿಟಕಿಯಿಂದಲೇ. ರೇಸ್ ಕೊಡುವುದು ತಂತಿಯಿಂದಲೇ. ಸದ್ದು ನಿಂತಿತು. ಪಕ್ಕದ ಅಂಗಡಿಯಲ್ಲಿ ಪಂಕ್ಚರ್ ಹುಡುಕಲು ನೀರಿನ ತೊಟ್ಟಿಗೆ ಟ್ಯೂಬು ಅದ್ದಿದ್ದ ಟೈರಿನವನು ಟ್ಯೂಬನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದ. ಮುಂದಿನ ಕೌಂಟರಿನಲ್ಲಿ ಆಯಿಲ್ ಡಬ್ಬಿಗಳನ್ನು ಜೋಡಿಸುತ್ತಿದ್ದ ಹೆಂಡತಿ ಡಬ್ಬಿ ಹಿಡಿದುಕೊಂಡೇ ತಿರುಗಿ ನೋಡಿದಳು. ಮಹಡಿಯ ಮೇಲೆ ಕುರ್ಚಿಯೊಂದು ನೆಲಕ್ಕೆ ಉಜ್ಜಿ ಹಿಂದೆ ಸರಿಯಿತು.

"ಅಪ್ಪ ಎದ್ರು," ಅಂದಳು ಹೆಂಡತಿ.

"ಕೇಳಿಸ್ತು."

"ಅವರಿಗೂ ಕೇಳಿಸಿದೆ. ಅದನ್ನೇ ನಾನು ಹೇಳ್ತಿರೋದು."

ಮಾವನನ್ನು ಊರು ಕಿವಿ ಮೇಷ್ಟ್ರು ಎಂದು ಕರೆಯುತ್ತಿತ್ತು. ಬೀದಿಯ ತಿರುವಿನಲ್ಲಿ ಕಾರು ಕಾಣಿಸುವ ಮೊದಲೇ ಅದರ ಯಾವ ಭಾಗ ಸವೆದಿದೆ ಎಂದು ಅವರು ಹೇಳಬಲ್ಲರು. ಒಮ್ಮೆ ಕಾರು ತಂದವನ ಕೆಮ್ಮು ಕೇಳಿ, 'ಕಾರು ಸರಿ ಇದೆ, ನೀವು ಡಾಕ್ಟರ ಹತ್ತಿರ ಹೋಗಿ' ಎಂದು ವಾಪಸ್ಸು ಕಳಿಸಿದ್ದರಂತೆ. ಈ ಕಥೆ ಹೇಳುವವರು ಊರಲ್ಲಿ ಬಹಳ ಮಂದಿ ಇದ್ದರು. ಆ ಕಾರೂ ಸರಿ ಇರಲಿಲ್ಲ ಎಂದು ಸೇರಿಸುವವರು ಒಬ್ಬಿಬ್ಬರು ಇದ್ದರು, ಆದರೆ ಅವರೂ ತಮ್ಮ ಗಾಡಿಯನ್ನು ಇಲ್ಲಿಗೇ ತರುತ್ತಿದ್ದರು.

ಇಂಥ ಮಾವನ ಮನೆಗೆ ಅಳಿಯನಾಗಿಯೂ ಗ್ಯಾರೇಜಿಗೆ ಕೆಲಸಗಾರನಾಗಿಯೂ ಬಂದವನ ಸ್ಥಿತಿ ಸ್ವಲ್ಪ ಸೂಕ್ಷ್ಮದ್ದು. ಮಹಡಿ ಮನೆಯಲ್ಲಿ ಮಾವ ಅವನನ್ನು 'ನೀವು' ಅನ್ನುತ್ತಿದ್ದರು, 'ಅಳಿಯಂದ್ರು ಇನ್ನೊಂದು ಲೋಟ ಕಾಫಿ ತಗೋಬೇಕು' ಅನ್ನುತ್ತಿದ್ದರು. ಮೆಟ್ಟಿಲಿನ ತಿರುವು ದಾಟಿ ಕೆಳಗಿಳಿದರೆ ಅವನು 'ನೀನು'. 'ಹದಿಮೂರರ ಪಾನಾ ಎಲ್ಲಿಟ್ಟೆ?' ಇದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಮರ್ಯಾದೆಗೆ ಒಂದು ಮಹಡಿ, ಕೆಲಸಕ್ಕೆ ಒಂದು ಮಹಡಿ. ಗಿರಾಕಿಗಳು ಮಾತ್ರ ಎರಡನ್ನೂ ಕಲಸಿ, 'ಅಳಿಯಂದ್ರೇ, ಗಾಡಿ ಆಯ್ತಾ?' ಎಂದು ಕೂಗುತ್ತಿದ್ದರು. ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ವ್ಯಾನು ಲಾಂಡ್ರಿ ಅಕ್ಕನದು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಮುಂಜಾನೆ ತಂದು, ಒಗೆದು, ಇಸ್ತ್ರಿ ಮಾಡಿ, ಮರುದಿನ ಹಿಂದಿರುಗಿಸುವುದು ಅವಳ ವ್ಯಾಪಾರ. ಹಳೆಯ ಎಂಜಿನ್ ಒಂದು ದಿನ ನಡುರಸ್ತೆಯಲ್ಲಿ ಜಾಮ್ ಆಗಿ ಕೂತಿತು. ಅದನ್ನೇ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕೋಣ, ತಿಂಗಳಾದರೂ ಪರವಾಗಿಲ್ಲ, ಅಂದರು ಮಾವ. ಗುಜರಿಯಲ್ಲಿ ಇದೇ ಜಾತಿಯ, ಸ್ವಲ್ಪ ಹೊಸ ಮಾದರಿಯ ಎಂಜಿನ್ ಇದೆ, ನೆಲದ ಮೇಲಿಟ್ಟೇ ಬ್ಯಾಟರಿ ಕೊಟ್ಟು ಓಡಿಸಿ ನೋಡಿದೆ, ಬೆಕ್ಕು ಮಲಗಿದ ಹಾಗೆ ಗುರುಗುಡುತ್ತೆ, ವಾರದೊಳಗೆ ಕೂರಿಸಬಹುದು, ಅಂದ ಅಳಿಯ. ಬಾಡಿಗೆ ಗಾಡಿಯಲ್ಲಿ ಬಟ್ಟೆ ಸಾಗಿಸುತ್ತ ಬೇಸತ್ತಿದ್ದ ಅಕ್ಕ ವಾರ ಎಂಬ ಮಾತನ್ನು ಹಿಡಿದುಕೊಂಡಳು.

"ಅದು ಬೇರೆ ಮನೆಯ ಎಂಜಿನ್ನು," ಅಂದಿದ್ದರು ಮಾವ. "ನಮ್ಮ ಗೇರ್‌ಬಾಕ್ಸ್ ಜೊತೆ ಹೊಂದ್ಕೊಳಲ್ಲ."

"ಬೇರೆ ಮನೆಯಿಂದ ಬಂದೋರು ಈ ಮನೇಲಿ ಹೊಂದ್ಕೊಂಡಿಲ್ವಾ ಅಪ್ಪಾ?" ಎಂದು ಮಗಳು ಕೌಂಟರಿನಿಂದಲೇ ಕೇಳಿದ್ದಳು.

"ಹೊಂದ್ಕೊಂಡ್ರು. ಎಷ್ಟು ವರ್ಷ ಹಿಡೀತು?" ಎಂದು ಕೇಳಿ, ಮಾವ ಅಳಿಯನ ಕಡೆ ತಿರುಗಿದ್ದರು. "ಸರಿ. ನೀನೇ ಇಳಿಸು, ನೀನೇ ಏರಿಸು. ನಾನು ಬೆರಳೂ ತಾಗಿಸಲ್ಲ. ಗಾಡಿ ಸರಿಯಾಗಿ ಓಡಿದ್ರೆ ಇನ್ಮುಂದೆ ಎಂಜಿನ್ ಕೆಲಸ ಎಲ್ಲ ನಿಂದು. ಓಡ್ಲಿಲ್ಲ ಅಂದ್ರೆ ಬ್ರೇಕು, ಗ್ರೀಸು, ಕ್ಲಚ್ ತಂತಿ. ನಾನಿರೋವರೆಗೆ ಅಷ್ಟೇ."

ಮದುವೆಯಾದಂದಿನಿಂದ ಅಳಿಯ ಮಾಡಿದ್ದೆಲ್ಲ ಬ್ರೇಕು, ಗ್ರೀಸು, ಕ್ಲಚ್ ತಂತಿಯೇ. ಇಷ್ಟು ವರ್ಷಗಳಲ್ಲಿ ಅವನು ಒಂಟಿಯಾಗಿ ಕೂರಿಸಿದ ಮೊದಲ ಎಂಜಿನ್ ಇದು. ಈಗ ಅದರೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಿದ್ದರು.

ಮಾವ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಅದರಿಂದ ಅವರು ಸ್ಕ್ರೂ ತಿರುಗಿಸಿದ್ದನ್ನು ಯಾರೂ ಕಂಡಿಲ್ಲ. ಅದರ ಮರದ ಹಿಡಿ ಕಿವಿಗೆ, ತುದಿ ಎಂಜಿನ್ನಿಗೆ. ಕಿವಿ ತಾಗಿ ತಾಗಿ ಹಿಡಿ ಕಪ್ಪಗೆ ಮಿರುಗುತ್ತಿತ್ತು.

"ಹಾಕು," ಅಂದರು.

ಅಳಿಯ ಕಿಟಕಿಯಿಂದ ಕೀ ತಿರುಗಿಸಿದ. ಟಣ್, ಟಣ್, ಟಣ್. ಮಾವ ಕಣ್ಣು ಮುಚ್ಚಿ, ತುದಿಯನ್ನು ಎಂಜಿನ್ನಿನ ಹೊಟ್ಟೆಯ ಮೇಲೆ ಒಂದೊಂದೇ ಕಡೆ ಊರುತ್ತ ಹೋದರು. ಮುಖದಲ್ಲಿ ಯಾವ ಸುಳಿವೂ ಇರಲಿಲ್ಲ. ಕೊನೆಗೆ ಕೈ ಎತ್ತಿದರು. ಸದ್ದು ನಿಂತಿತು.

"ಬೇರಿಂಗ್ ಹೋಗಿದೆ. ಇಳಿಸು."

ಪಿಸ್ಟನ್ನನ್ನು ಹೊತ್ತ ರಾಡು ಕೆಳಗೆ ಕ್ರ್ಯಾಂಕಿಗೆ ಕೂರುವ ಕಡೆ ಒಂದು ತೆಳು ಬೇರಿಂಗ್ ಇರುತ್ತದೆ. ಅದು ಸವೆದರೆ ಲೋಹಕ್ಕೆ ಲೋಹ ಬಡಿಯುತ್ತದೆ, ಮತ್ತು ಆ ಎಂಜಿನ್ನಿನ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ಗುಜರಿಯಿಂದ ತಂದದ್ದು ಗುಜರಿಗೆ.

"ಗುಜರಿಯಲ್ಲಿ ಈ ಸದ್ದು ಇರಲಿಲ್ಲ ಮಾವ."

"ಹೆಣ್ಣು ನೋಡೋಕೆ ಬಂದಾಗ ನಿನ್ನ ಗೊರಕೆಯೂ ಇರಲಿಲ್ಲ."

ಟೈರಿನವನು ಒಳಗೇ ಬಂದುಬಿಟ್ಟಿದ್ದ. "ಒಂದು ಮಾತು ಮೇಷ್ಟ್ರೇ. ಮುಂದಿನ ಎಡ ಟೈರಲ್ಲಿ ಗಾಳಿ ಕಮ್ಮಿ ಕಾಣ್ತಿದೆ. ಅದರಿಂದಲೂ ಕೆಲವೊಮ್ಮೆ..."

"ನಿಂತ ಗಾಡೀಲಾ?" ಅಂದಳು ಹೆಂಡತಿ. "ನಿಮಗೆ ಜ್ವರ ಬಂದ್ರೂ ಮೊದಲು ಗಾಳಿ ಚೆಕ್ ಮಾಡಿಸ್ಕೋತೀರೇನೋ."

"ಮಾಡಿಸ್ಕೊಂಡ್ರೆ ನಷ್ಟ ಏನಮ್ಮಾ," ಎಂದು ಟೈರಿನವನು ಗೋಡೆಗೆ ಒರಗಿದ. ಅವನ ಟ್ಯೂಬು ಅಲ್ಲಿ ನೀರಿನಲ್ಲಿ ಗುಳ್ಳೆ ಬಿಡುತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ವ್ಯಾನು ಸಿದ್ಧ ಎಂಬ ಸುದ್ದಿ ನಂಬಿ, ಬಾಡಿಗೆ ಗಾಡಿಯವನಿಗೆ ನಾಳೆಯಿಂದ ಬರಬೇಡ ಅಂದೇ ಬಂದಿದ್ದಳು. ಮೂವರ ಮುಖವನ್ನೂ ಒಂದು ಸುತ್ತು ನೋಡಿದಳು. ಟೈರಿನವನ ಮುಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಸತ್ತಿದೆಯಾ, ಬದುಕಿದೆಯಾ? ಒಂದು ಹೇಳಿ."

"ಸಾಯ್ತಾ ಇದೆ," ಅಂದರು ಮಾವ.

"ಇಲ್ಲ ಅಕ್ಕ," ಅಂದ ಅಳಿಯ. ತನ್ನ ಬಾಯಿಂದ ಅದು ಹೊರಟದ್ದು ಅವನಿಗೂ ಆಶ್ಚರ್ಯವೇ. "ಸಂಜೆವರೆಗೆ ಟೈಮ್ ಕೊಡಿ."

ಅಕ್ಕ ಬೆಂಚಿನ ಮೇಲೆ ಕೂತಳು. ಮಾವ ಸ್ಕ್ರೂಡ್ರೈವರನ್ನು ಬಗಲಲ್ಲಿ ಸಿಕ್ಕಿಸಿಕೊಂಡು ನಿಧಾನವಾಗಿ ಹೇಳಿದರು: "ಸಂಜೆವರೆಗೆ ನೋಡಿ ಅಳಿಯಂದ್ರೇ. ಆಮೇಲೆ ನೀವೇ ಇಳಿಸುವಿರಂತೆ."

ಕೆಳಮಹಡಿಯಲ್ಲಿ 'ನೀವು' ಕೇಳಿ ಅಳಿಯ ಒಮ್ಮೆ ಮೆಟ್ಟಿಲಿನ ತಿರುವಿನ ಕಡೆ ನೋಡಿದ. ಕೌಂಟರಿನಲ್ಲಿ ಹೆಂಡತಿ ಕೂಡ ತಲೆ ಎತ್ತಿದಳು.

ಅವನು ಕೆಲಸಕ್ಕೆ ಇಳಿದ. ಬೇರಿಂಗ್ ಹೋಗಿದ್ದರೆ ಅದು ಯಾವುದಾದರೂ ಒಂದು ಸಿಲಿಂಡರಿನದು. ಆ ಸಿಲಿಂಡರಿಗೆ ಡೀಸೆಲ್ ತಪ್ಪಿಸಿದರೆ ಅದರ ಮೇಲಿನ ಭಾರ ಇಳಿದು ಬಡಿತ ಮೆತ್ತಗಾಗಬೇಕು. ಒಂದೊಂದೇ ಪೈಪನ್ನು ಸಡಿಲಿಸಿ, ಕೇಳಿ, ಮತ್ತೆ ಬಿಗಿಮಾಡುತ್ತ ಬಂದ. ಎಂಜಿನ್ ಪ್ರತಿ ಸಲವೂ ಮುಗ್ಗರಿಸಿತು, ನಡುಗಿತು, ಕೆಮ್ಮಿತು. ಬಡಿಯುವವನು ಮಾತ್ರ ಯಾವುದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. ನಾಲ್ಕು ಸಿಲಿಂಡರಿನಲ್ಲಿ ಯಾವ ಮನೆಯ ಒಲೆ ಆರಿಸಿದರೂ ಅವನಿಗೆ ಊಟ ಬರುತ್ತಿತ್ತು.

ಆಯಿಲ್ ಒತ್ತಡ ನೋಡಿದ. ಚೆನ್ನಾಗಿತ್ತು. ಬೇರಿಂಗ್ ಸವೆದಿದ್ದರೆ ಅದು ಬೀಳಬೇಕು. ಆಮೇಲೆ ಆಯಿಲನ್ನೇ ಇಳಿಸಿ, ಲೋಹದ ಪುಡಿ ಇದೆಯೇ ಎಂದು ಸೋಸಿ ನೋಡಲು ಬಿಳಿ ಬಟ್ಟೆ ಹುಡುಕಿದ. ಗ್ಯಾರೇಜಿನಲ್ಲಿ ಬಿಳಿ ಬಟ್ಟೆ ಎಲ್ಲಿಂದ ಬರಬೇಕು? ಅಕ್ಕ ಚೀಲದಿಂದ ಅಂಚು ಹರಿದ ಬೆಡ್‌ಶೀಟು ತೆಗೆದು ಕೊಟ್ಟಳು.

"ಇದು ಹೇಗೂ ಹೋಗಿದ್ದು. ಆದ್ರೆ ಹೇಳ್ತೀನಿ, ರಕ್ತದ ಕಲೆ ತೆಗೀಬಹುದು, ಔಷಧಿ ಕಲೆ ತೆಗೀಬಹುದು, ನಿಮ್ಮ ಈ ಆಯಿಲ್ ಕಲೆ ಯಾವ ಸೋಪಿಗೂ ಹೋಗಲ್ಲ."

"ಅದಕ್ಕೇ ಅಕ್ಕ, ನನಗೆ ಮದುವೇಲಿ ಕೊಟ್ಟ ಒಂದು ಬಿಳಿ ಅಂಗಿಯೂ ಉಳಿದಿಲ್ಲ."

ಅಂಗಳದ ಬಿಸಿಲಿನಲ್ಲಿ ಬೆಡ್‌ಶೀಟನ್ನು ಹಿಡಿದು ಓರೆಮಾಡಿ ನೋಡಿದ. ಮಸಿ ಇತ್ತು, ಮಿನುಗು ಇರಲಿಲ್ಲ. ಸವೆದ ಬೇರಿಂಗಿನ ಪುಡಿ ಇದ್ದರೆ ಜರಿ ಸೀರೆಯ ಹಾಗೆ ಹೊಳೆಯಬೇಕಿತ್ತು. ಅವನು ಅದನ್ನು ಮಾವನ ಮುಂದೆ ಹಿಡಿದ. ಮಾವ ನೋಡಿದರು.

"ಈಗಷ್ಟೇ ಶುರುವಾಗಿದೆ. ಪುಡಿ ಬರೋಕೆ ಇನ್ನೂ ಟೈಮ್ ಬೇಕು," ಅಂದರು.

ಈ ಮಾತಿಗೆ ಎದುರು ಹೇಳುವುದು ಕಷ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಮುಂದೆ ನಾಲ್ಕನೆಯ ಕಾಲು ತೋರಿಸಿದರೆ, ಅದು ಬಾಲ ಅನ್ನುತ್ತಾರೆ. ಅಳಿಯ ಹೊಸ ಆಯಿಲ್ ಹಾಕಿ, ಕೈ ಒರೆಸಿಕೊಂಡು, ಎಂಜಿನ್ನಿನ ಮುಂದೆ ಸುಮ್ಮನೆ ನಿಂತ. ಕಬ್ಬಿಣದಲ್ಲಿ ಸದ್ದು ಮನೆಮಾತಿನ ಹಾಗೆ ಹರಡುತ್ತದೆ. ಎಲ್ಲ ಕೋಣೆಯಲ್ಲೂ ಕೇಳಿಸುತ್ತದೆ, ಯಾವ ಕೋಣೆಯಲ್ಲಿ ಹುಟ್ಟಿತು ಎಂದು ತಿಳಿಯುವುದಿಲ್ಲ.

ಮಧ್ಯಾಹ್ನ ಇಳಿಯುತ್ತ ಬಂದಾಗ ಅಕ್ಕನ ತಾಳ್ಮೆಯೂ ಇಳಿಯಿತು.

"ಎಲ್ಲರೂ ಕೇಳಿದ್ದಾಯ್ತು. ನನ್ನ ಗಾಡಿ, ನಾನೂ ಒಂದ್ಸಲ ಕೇಳ್ತೀನಿ," ಎಂದು ಎದ್ದಳು. ಅವಳ ಬಟ್ಟೆ ಶುಭ್ರವಾಗಿತ್ತು. ಅಲ್ಲದೆ ಸೀಟೂ ಅವಳದೇ. ಬಾಗಿಲು ತೆಗೆದು ಹತ್ತಿ, ಕುಳಿತು, ಕನ್ನಡಿ ಸರಿಮಾಡಿಕೊಂಡು ಕೀ ತಿರುಗಿಸಿದಳು.

ಎಂಜಿನ್ ಗುರುಗುಟ್ಟಿತು. ಬೆಕ್ಕು ಮಲಗಿದ ಹಾಗೆ.

ಟೈರಿನವನು ಗೋಡೆ ಬಿಟ್ಟು ನೆಟ್ಟಗಾದ. ಮಾವ ಸ್ಕ್ರೂಡ್ರೈವರನ್ನು ಕಿವಿಗೆ ಒಯ್ಯಲು ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದರು.

"ಏನ್ರೀ ಇದು, ಚೆನ್ನಾಗೇ ಇದೆಯಲ್ಲ," ಅಂದಳು ಅಕ್ಕ ಕಿಟಕಿಯಿಂದ. "ಡಾಕ್ಟರ ಹತ್ತಿರ ಹೋದ ಕೂಡಲೇ ಹಲ್ಲುನೋವು ಹೋದ ಹಾಗೆ," ಎನ್ನುತ್ತ ಅವಳು ಆರಾಮಾಗಿ ಕಾಲು ಚಾಚಿದಳು.

ಟಣ್, ಟಣ್, ಟಣ್.

"ಅಕ್ಕ, ಅಲ್ಲಾಡ್ಬೇಡಿ," ಅಂದ ಅಳಿಯ. "ಈಗ ಏನು ಮಾಡಿದ್ರಿ?"

"ನಾನೇನು ಮಾಡಿದೆ? ಕ್ಲಚ್ಚಿಂದ ಕಾಲು ತೆಗೆದೆ. ಒಂದ್ಸಲ ಗೇರಲ್ಲಿ ಇದ್ದಿದ್ದು ಗೊತ್ತಾಗದೆ ಸ್ಟಾರ್ಟ್ ಮಾಡಿ ಕಾಂಪೌಂಡಿಗೆ ಗುದ್ದಿದ್ದೆ, ಅವತ್ತಿಂದ ಕ್ಲಚ್ ಒತ್ತದೆ ನಾನು ಕೀ ತಿರುಗಿಸಲ್ಲ."

"ಮತ್ತೆ ಒತ್ತಿ."

ಸದ್ದು ಮಾಯ.

"ಬಿಡಿ."

ಸದ್ದು ಹಾಜರು.

ಬೆಳಗಿನಿಂದ ಈ ಗ್ಯಾರೇಜಿನಲ್ಲಿ ಒಬ್ಬರೂ ಸೀಟಿನ ಮೇಲೆ ಕೂತಿರಲಿಲ್ಲ, ಒಬ್ಬರ ಕಾಲೂ ಕ್ಲಚ್ಚಿನ ಮೇಲೆ ಬಿದ್ದಿರಲಿಲ್ಲ. ಕ್ಲಚ್ ಒತ್ತಿದಾಗ ಎಂಜಿನ್ನಿನ ಹಿಂದಿರುವ ಭಾರದ ಚಕ್ರ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಅಷ್ಟು ಸರಿದರೆ ಸದ್ದು ಇಲ್ಲ ಎಂದಾದರೆ, ಬಡಿಯುವವನು ಕೂತಿರುವುದು ಎಂಜಿನ್ನಿನ ಹೊಟ್ಟೆಯಲ್ಲಿ ಅಲ್ಲ, ಬೆನ್ನ ಹಿಂದೆ, ಗೇರ್‌ಬಾಕ್ಸಿನ ಬಾಯಿಯ ಹತ್ತಿರ. ಅಳಿಯನಿಗೆ ಇದು ಹೊಳೆದ ಗಳಿಗೆಯಲ್ಲೇ ಮಾವನಿಗೂ ಹೊಳೆದಿರಬೇಕು. ಅವರು ಸ್ಕ್ರೂಡ್ರೈವರನ್ನು ಕೆಳಗಿಳಿಸಿದರು.

"ಕ್ರ್ಯಾಂಕು ಹಿಂದೆಮುಂದೆ ಆಡ್ತಿದೆ," ಅಂದರು. "ಅದೂ ಎಂಜಿನ್ನಿನ ದೋಷವೇ." ಆದರೆ ದನಿಯಲ್ಲಿ ಬೆಳಗಿನ ಬಿಗಿ ಇರಲಿಲ್ಲ. ಯಾರೂ ಕರೆಯದಿದ್ದರೂ ಟೈರ್ ಅಂಗಡಿಯ ಕಡೆ ನಡೆದರು. ಟೈರಿನವನು ಟೀ ಹೇಳಲು ಹಿಂದೆಯೇ ಓಡಿದ.

ಅಳಿಯ ಟಾರ್ಚ್ ಹಿಡಿದು ವ್ಯಾನಿನಡಿ ಬೆನ್ನಮೇಲೆ ಜಾರಿದ. ಗೇರ್‌ಬಾಕ್ಸಿನ ತಳದಲ್ಲಿ ಒಂದು ಪುಟ್ಟ ತಗಡಿನ ಮುಚ್ಚಳವಿದೆ. ಅದನ್ನು ಬಿಚ್ಚಿದರೆ ಒಳಗಿನ ಚಕ್ರ ಕಾಣುತ್ತದೆ. ಕೈಯಿಂದ ಎಂಜಿನ್ನನ್ನು ಒಂದಿಷ್ಟಿಷ್ಟೇ ತಿರುಗಿಸುತ್ತ ನೋಡಿದ. ಚಕ್ರಕ್ಕೆ ಕ್ಲಚ್ಚನ್ನು ಬಿಗಿದ ಬೋಲ್ಟುಗಳ ತಲೆಗಳು ಒಂದೊಂದಾಗಿ ಬೆಳಕಿಗೆ ಬಂದು ಹೋದವು. ಕಪ್ಪು, ಕಪ್ಪು, ಕಪ್ಪು. ಆಮೇಲೆ ಒಂದು, ಉಜ್ಜಿ ಬೆಳಗಿದ ತಂಬಿಗೆಯ ಹಾಗೆ ಥಳಥಳ. ಅದರೆದುರಿಗೆ, ಗೇರ್‌ಬಾಕ್ಸಿನ ಗೋಡೆಯಿಂದ ಒಳಕ್ಕೆ, ಇನ್ನೊಂದು ಬೋಲ್ಟಿನ ತುದಿ ಇಣುಕಿ ನಿಂತಿತ್ತು. ಅದೂ ಥಳಥಳ.

ಅಲ್ಲಿ ಬೋಲ್ಟೇ ಇರಬಾರದು.

ಅವನು ಟಾರ್ಚನ್ನು ಹೊರಗೋಡೆಗೆ ತಿರುಗಿಸಿದ. ಇಬ್ಬದಿಯಲ್ಲಿ ಎರಡು ಬೋಲ್ಟು, ಅಚ್ಚುಕಟ್ಟಾಗಿ ಬಿಗಿದು ಕೂತಿದ್ದವು. ಬೆಳಗಿನಿಂದ ಅವನ ಕಣ್ಣು ಅವುಗಳ ಮೇಲೆ ಎಷ್ಟು ಸಲ ಹಾದುಹೋಗಿತ್ತೋ. ಯಾವುದು ಸಡಿಲ, ಯಾವುದು ಬಿಟ್ಟುಹೋಗಿದೆ ಎಂದು ಹುಡುಕುವವನಿಗೆ ಗಟ್ಟಿಯಾಗಿ ಕೂತಿರುವುದರ ಮೇಲೆ ಅನುಮಾನ ಬರುವುದಿಲ್ಲ. ಒಂದನ್ನು ಬೆರಳಿಂದ ಸವರಿದ. ತಲೆ ಸೀಮೆಎಣ್ಣೆಯಲ್ಲಿ ಒರೆಸಿದಷ್ಟು ಚೊಕ್ಕಟ, ಅದರ ನೆತ್ತಿಯ ಮೇಲೆ ತುಕ್ಕು ಹಿಡಿಯದಿರಲೆಂದು ಇಟ್ಟ ಒಂದೇ ಒಂದು ಬೊಟ್ಟು ಗ್ರೀಸು. ಬೋಲ್ಟಿಗೆ ಹೀಗೆ ಸಿಂಗಾರ ಮಾಡುವವರು ಈ ಬೀದಿಯಲ್ಲಿ ಒಬ್ಬರೇ.

ಅಳಿಯ ವ್ಯಾನಿನಡಿಯಲ್ಲೇ ಸ್ವಲ್ಪ ಹೊತ್ತು ಮಲಗಿದ್ದ. ನಡೆದದ್ದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹಳೆಯ ಎಂಜಿನ್ನಿನ ಪಕ್ಕದಲ್ಲಿ ಒಂದು ಪಟ್ಟಿ ಇತ್ತು, ಅದನ್ನು ಹಿಡಿದಿದ್ದದ್ದು ಈ ಎರಡು ಉದ್ದ ಬೋಲ್ಟುಗಳು. ಹೊಸ ಎಂಜಿನ್ನಿಗೆ ಆ ಪಟ್ಟಿ ಬೇಡ. ಹಾಗಾಗಿ ಬೋಲ್ಟುಗಳನ್ನು ಟ್ರೇಯಲ್ಲೇ ಬಿಟ್ಟು ಅವನು ನಿನ್ನೆ ಸಂಜೆ ಸ್ನಾನಕ್ಕೆ ಹೋಗಿದ್ದ. ಮಾವನಿಗೆ ಟ್ರೇಯಲ್ಲಿ ಬೋಲ್ಟು ಉಳಿಯುವುದೆಂದರೆ ಎಂಜಲೆಲೆ ಹಾಗೇ ಬಿಟ್ಟು ಎದ್ದಂತೆ. ಕೆಲಸ ಮುಗಿದ ಮೇಲೆ ಟ್ರೇ ಖಾಲಿ ಇರಬೇಕು. ಒಂದು ಉಳಿದರೂ ಎಲ್ಲೋ ಒಂದು ತೂತು ಬಾಯಿ ಬಿಟ್ಟುಕೊಂಡಿದೆ ಎಂದೇ ಅವರ ಸಿದ್ಧಾಂತ. ತೂತು ಹುಡುಕಿದ್ದಾರೆ. ಹುಡುಕಿದವರಿಗೆ ತೂತು ಸಿಗದೆ ಇರುತ್ತದೆಯೇ? ಕೆಲಸದ ವೇಳೆ ಚಕ್ರ ತಿರುಗದಂತೆ ಕಡ್ಡಿ ಸಿಕ್ಕಿಸಲು ಬಿಟ್ಟಿರುವ ಎರಡು ತೂತುಗಳು, ಬೋಲ್ಟಿಗೆ ಹೇಳಿ ಮಾಡಿಸಿದ ಹಾಗೆ ಒಳಗೆ ತಿರುಪಿನ ಮರೆ ಇರುವವು, ಸಿಕ್ಕಿವೆ.

ಅವನು ಎರಡನ್ನೂ ಬಿಚ್ಚಿ, ಹೊರಬಂದು, ಕೌಂಟರಿಗೆ ಹೋದ.

"ನಿನ್ನೆ ಸಂಜೆ ಅಪ್ಪ ಕೆಳಗೆ ಬಂದಿದ್ರಾ?"

"ಲೈಟ್ ಆರಿಸೋಕೆ ಬಂದಿದ್ರು. ಯಾಕೆ?"

"ಎಷ್ಟು ಹೊತ್ತು ಆರಿಸಿದ್ರು?"

ಹೆಂಡತಿ ಅವನ ಅಂಗೈ ನೋಡಿದಳು. ಗ್ರೀಸಿನ ಬೊಟ್ಟು ನೋಡಿದಳು. ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಹೆಚ್ಚು ವಿವರ ಬೇಕಿರಲಿಲ್ಲ. "ಸುಮಾರು ಹೊತ್ತು," ಅಂದಳು.

"ಈಗೇನು ಮಾಡ್ಲಿ?"

"ಹೇಳಿ ಅಂತ ನಾನು ಹೇಳಲ್ಲ. ಹೇಳ್ಬೇಡಿ ಅಂತಾನೂ ಹೇಳಲ್ಲ. ಅವರು ನನ್ನಪ್ಪ, ನೀವು ನನ್ನ ಗಂಡ. ನನಗೆ ಈ ಡಬ್ಬಿ ಜೋಡಿಸೋ ಕೆಲಸ ಬೇಕಾದಷ್ಟಿದೆ."

ಬೋಲ್ಟುಗಳನ್ನು ಜೇಬಿಗೆ ಇಳಿಸಿ, 'ಏನೋ ಸಿಕ್ಕಿಹಾಕ್ಕೊಂಡಿತ್ತು, ತೆಗೆದೆ' ಅಂದರೆ ಮುಗಿಯುತ್ತಿತ್ತು. ಎಂಜಿನ್ ಕೆಲಸ ಅವನದಾಗುತ್ತಿತ್ತು, ಮಾವನ ಕಿವಿ ಮಾವನದಾಗಿಯೇ ಉಳಿಯುತ್ತಿತ್ತು. ಆದರೆ 'ಏನೋ' ಎಂಬ ಉತ್ತರಕ್ಕೆ ಮಾವ ಒಪ್ಪುವ ಮನುಷ್ಯ ಅಲ್ಲ. ಏನೋ ಅಂದರೆ ಏನು, ಎಲ್ಲಿತ್ತು, ಯಾರ ಕೈ ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಉಳಿಯುವ ಒಂದೇ ಕೈ ಅಳಿಯನದು. ಅವನು ಬೋಲ್ಟುಗಳನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನೊಂದು ಕೈಯನ್ನು ಕಿಟಕಿಗೆ ತೂರಿಸಿ ಕೀ ತಿರುಗಿಸಿದ. ಕ್ಲಚ್ಚಿನ ಮೇಲೆ ಯಾರ ಕಾಲೂ ಇರಲಿಲ್ಲ. ವ್ಯಾನು ಗುರುಗುಡುತ್ತ ನಿಂತಿತು, ಅಷ್ಟೇ.

ಮಾವ ಟೀ ಲೋಟ ಹಿಡಿದೇ ಬಂದರು.

"ಏನು ಮಾಡಿದೆ?"

ಅಳಿಯ ಅಂಗೈ ಚಾಚಿದ. ಮಾವ ಒಂದು ಬೋಲ್ಟನ್ನು ಎತ್ತಿಕೊಂಡು ಥಳಥಳಿಸುವ ತುದಿ ನೋಡಿದರು. ತಿರುಗಿಸಿ ತಲೆ ನೋಡಿದರು. ಗ್ರೀಸಿನ ಬೊಟ್ಟನ್ನು ಹೆಬ್ಬೆರಳಿಂದ ನಿಧಾನವಾಗಿ ಒರೆಸಿದರು, ಒರೆಸಿದ ಮೇಲೂ ಒರೆಸುತ್ತಿದ್ದರು.

"ಟ್ರೇಲಿ ಉಳಿದಿತ್ತು," ಅಂದರು.

"ಹೌದು ಮಾವ. ಬೇಕಂತಲೇ ಬಿಟ್ಟಿದ್ದೆ. ಈ ಎಂಜಿನ್‌ಗೆ ಅವು ಬೇಡ."

"ಒಂದು ಮಾತು ಹೇಳಬಾರದಿತ್ತಾ?"

"ನೀವು ಬೆರಳೂ ತಾಗಿಸಲ್ಲ ಅಂದಿದ್ರಿ."

ಮಾವ ಟೀ 'ಸೊರ್' ಎಂದು ಒಂದು ಗುಟುಕು ಕುಡಿದರು. ಟೈರಿನವನು ಬಾಗಿಲಲ್ಲಿ ನಿಂತಿದ್ದ. ಅವನಿಗೆ ಕೇಳಿಸಿದ ಮಾತು ಬೀದಿಯ ಕೊನೆಗೆ ಸೈಕಲ್ಲಿಗಿಂತ ಮೊದಲು ತಲುಪುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಳಿಯನಿಗೆ ಯಾಕೋ ಸಂಕಟವಾಯಿತು. ತನಗೆ ಬೇಕಾದದ್ದು ಎಂಜಿನ್ನಿನ ಕೆಲಸ. ಬಾಗಿಲಲ್ಲಿ ಟೈರಿನವನನ್ನು ನಿಲ್ಲಿಸಿಕೊಂಡು ಮಾವನ ತಲೆ ತಗ್ಗಿಸುವುದು ಆ ಕೆಲಸದಲ್ಲಿ ಸೇರಿರಲಿಲ್ಲ.

"ಬೋಲ್ಟ್ ಒಂದರಿಂದಲೇ ಆಗ್ತಿರಲಿಲ್ಲ ಮಾವ," ಅಂದ. ನಿಜವೂ ಅದೇ ಆಗಿತ್ತು. "ಒಳಗೆ ಕ್ಲಚ್ ಬೋಲ್ಟಿನ ಒಂದು ವಾಷರ್ ಕಳೆದುಹೋಗಿತ್ತು. ನಾನು ಕೈಗೆ ಸಿಕ್ಕ ದಪ್ಪನೆಯದು ಹಾಕಿದ್ದೆ. ಆ ಬೋಲ್ಟಿನ ತಲೆ ಮಾತ್ರ ಎತ್ತರ ಆಗಿ, ಸುತ್ತಿಗೊಂದ್ಸಲ ಇದಕ್ಕೆ ತಾಗ್ತಿತ್ತು. ಇನ್ನೊಂದು ಬೋಲ್ಟು ಪಾಪ, ಅಷ್ಟು ಒಳಗೆ ಬಂದಿರಲಿಲ್ಲ, ಯಾರಿಗೂ ತಾಗಿಲ್ಲ."

ಮಾವನ ಬೆನ್ನು ನೆಟ್ಟಗಾಯಿತು.

"ದಪ್ಪ ವಾಷರ್ ಯಾಕೆ ಹಾಕಿದೆ?"

"ತೆಳ್ಳಗಿನದು ಇರಲಿಲ್ಲ."

"ಕೌಂಟರಲ್ಲಿ ಡಬ್ಬಿಗಟ್ಟಲೆ ಇದೆ. ಹೆಂಡತೀನ ಕೇಳೋಕೆ ನಾಚಿಕೆಯಾ?"

"ಕೇಳಿದ್ರೆ ಬಿಲ್ ಬರೀತಾಳೆ."

"ಬರೀತೀನಿ," ಅಂದಳು ಕೌಂಟರಿನಿಂದ ಹೆಂಡತಿ.

ಅಕ್ಕ ಬೆಂಚು ಬಿಟ್ಟು ಎದ್ದು ಬಂದಳು. "ನಿಮ್ಮ ವಾಷರ್ ಪುರಾಣ ಆಮೇಲೆ. ನನಗೆ ಒಂದೇ ಮಾತು ಹೇಳಿ. ಯಾರ ತಪ್ಪು, ಎಂಜಿನ್ನಿಂದಾ?"

ಅಳಿಯ ಮಾವನನ್ನು ನೋಡಲಿಲ್ಲ. ನೆಲದ ಮೇಲಿನ ಆಯಿಲ್ ಕಲೆ ನೋಡಿದ. ಅದಕ್ಕೆ ಯಾವ ದೇಶದ ನಕ್ಷೆಯ ಆಕಾರವೂ ಇರಲಿಲ್ಲ, ಬರೀ ಕಲೆ.

"ಎಂಜಿನ್ನಿಂದಲ್ಲ," ಅಂದರು ಮಾವ. ಟೈರಿನವನ ಕಡೆಗೂ ತಿರುಗಿ, ಅವನಿಗೂ ಸರಿಯಾಗಿ ಕೇಳಿಸುವಂತೆ ಹೇಳಿದರು: "ಅಳಿಯ ಹೇಳಿದ ಹಾಗೆ ಎಂಜಿನ್ ಚೆನ್ನಾಗಿದೆ. ಸದ್ದು ನಂದು. ಬೇಡದ ಕಡೆ ಬೋಲ್ಟ್ ಹಾಕಿದೆ, ಆಮೇಲೆ ಅದನ್ನೇ ಬೇರಿಂಗ್ ಅಂದೆ."

ಅಳಿಯ ಕಿಟಕಿಯೊಳಗೆ ಕೈ ತೂರಿಸಿ ಎಂಜಿನ್ ಆರಿಸಿದ.

"ಸದ್ಯ," ಅಂದಳು ಅಕ್ಕ. "ಮನುಷ್ಯರ ತಪ್ಪಾದ್ರೆ ಪರವಾಗಿಲ್ಲ. ಎಂಜಿನ್ ತಪ್ಪು ಮಾಡಿದ್ರೆ ನನ್ನ ಕೆಲಸ ಕೆಡ್ತಿತ್ತು. ಒಂದು ಸುತ್ತು ಓಡಿಸಿ ತನ್ನಿ, ಹೊರಡ್ತೀನಿ."

ಟೈರಿನವನು ಗಂಟಲು ಸರಿಮಾಡಿಕೊಂಡ. "ಹೊರಡೋ ಮುಂಚೆ ಆ ಎಡ ಟೈರಿಗೆ..."

"ಹಾಕಪ್ಪ, ಹಾಕು," ಅಂದರು ಮಾವ. ನೋಡಿದರೆ ಅದರಲ್ಲಿ ಗಾಳಿ ನಿಜಕ್ಕೂ ಕಡಿಮೆ ಇತ್ತು. ಟೈರಿನವನು ಮುಂದೆ ತಿಂಗಳುಗಟ್ಟಲೆ ಈ ಕಥೆಯನ್ನು ತನ್ನ ಭಾಗದಿಂದಲೇ ಶುರುಮಾಡಿ ಹೇಳುತ್ತಿದ್ದ.

ಅಕ್ಕ ಎರಡೂ ಸೀಟಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿದಳು. ಓಡಿಸಿ ನೋಡುವುದು ಯಾವತ್ತೂ ಮಾವನ ಕೆಲಸ. ಅಳಿಯ ಅಭ್ಯಾಸದಂತೆ ಆಚೆ ಬದಿಯ ಬಾಗಿಲಿಗೆ ಹೋದ. ನೋಡಿದರೆ ಮಾವ ಅಲ್ಲಿ ಹತ್ತಿ, ಸ್ಕ್ರೂಡ್ರೈವರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಗಲೇ ಕೂತಿದ್ದರು. ಅಳಿಯ ಸುತ್ತು ಹಾಕಿ ಬಂದು ಸ್ಟಿಯರಿಂಗ್ ಹಿಡಿದ.

ಬೀದಿ ದಾಟಿ ದೊಡ್ಡ ರಸ್ತೆಗೆ ಬಂದರು. ಗೇರುಗಳು ಬೆಣ್ಣೆಯ ಹಾಗೆ ಬಿದ್ದವು. ಸಂಜೆಯ ಅಂಗಡಿಗಳು ಒಂದೊಂದಾಗಿ ದೀಪ ಹಚ್ಚುತ್ತಿದ್ದವು. ಶಾಲೆಯ ಗೋಡೆ, ನೀರಿನ ಟ್ಯಾಂಕು, ಏರು. ಏರಿನಲ್ಲಿ ವ್ಯಾನು ಮುಗ್ಗರಿಸಲಿಲ್ಲ, ಬಡಿಯಲಿಲ್ಲ, ಹೊಗೆ ಉಗುಳಲಿಲ್ಲ. ಅಳಿಯನಿಗೆ ಹಾಡಬೇಕು ಅನ್ನಿಸಿತು. ಪಕ್ಕದಲ್ಲಿ ಕೂತವರನ್ನು ನೆನೆದು ಸುಮ್ಮನಾದ.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಎಲ್ಲೋ ಮುಂದುಗಡೆ 'ಕೀಂಯ್' ಎಂದಿತು. ಸಣ್ಣಗೆ, ಇಲಿಮರಿಯ ಹಾಗೆ. ಮುಂದಿನ ತಿರುವಿನಲ್ಲಿ ಮತ್ತೆ ಒಂದು ಸಲ.

ಅಳಿಯ ಕಾದ. ಇಂಥ ಸದ್ದು ಎದ್ದಾಗ ಪಕ್ಕದಿಂದ ತೀರ್ಪು ಬರುವುದು, ತಾನು ಹೂಂಗುಡುವುದು, ಇಷ್ಟು ವರ್ಷದ ರೂಢಿ. ಮಾವ ಕಿಟಕಿಯಾಚೆ ಯಾವುದೋ ಚಪ್ಪಲಿ ಅಂಗಡಿಯನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು. ಮೂರನೆಯ ಸಲ 'ಕೀಂಯ್' ಎಂದಾಗ ಅವರ ಬೆರಳು ಸ್ಕ್ರೂಡ್ರೈವರಿನ ಹಿಡಿಯ ಮೇಲೆ ಒಮ್ಮೆ ಬಿಗಿಯಾಯಿತು. ಬಾಯಿ ಮಾತ್ರ ತೆರೆಯಲಿಲ್ಲ.

"ಫ್ಯಾನ್ ಬೆಲ್ಟು," ಅಂದ ಅಳಿಯ ಕೊನೆಗೆ. "ಹೋದ ಕೂಡಲೇ ಬಿಗಿ ಮಾಡ್ತೀನಿ."

"ಹೌದಾ?" ಅಂದರು ಕಿವಿ ಮೇಷ್ಟ್ರು, ಚಪ್ಪಲಿ ಅಂಗಡಿಯಿಂದ ಕಣ್ಣು ತೆಗೆಯದೆ. "ನನಗೇನೂ ಕೇಳಿಸ್ಲಿಲ್ಲ."